ಗಾನಯೋಗಿ ಪಂಚಾಕ್ಷರ ಗವಾಯಿಗಳು

ಕಣ್ಣಿಲ್ಲದ, ಮಾತು ಬಾರದ ಅಥವಾ ನಡೆಯಲಾರದ ಕೂಸು ಮನೆಯಲ್ಲಿ ಹುಟ್ಟಿದರೆ ತಾಯ್ತಂದೆಗಳು ಬಂದವರೆದುರು ತಲೆ ತಗ್ಗಿಸುವುದು ಬಹುಕಾಲದಿಂದ ನಡೆದುಬಂದ ರೂಢಿ. ಮಗು ಸಭೆಯಲ್ಲಿ ಕೂಗಿದರೆ, ಪಂಕ್ತಿಯಲ್ಲಿ ಅನ್ನ ಚೆಲ್ಲಿದರೆ ಅವರು ಎಲ್ಲರ ಕ್ಷಮೆ ಬೇಡುವರು. ಆದರೆ ಅವರು ಮಾಡಿದ ತಪ್ಪಾದರೂ ಯಾವುದು? ಪಂಚಾಕ್ಷರ ಗವಾಯಿಗಳ ಚರಿತ್ರೆಯು ಈ ಪ್ರಶ್ನೆಗೆ ಉತ್ತರವಾಗಿದೆ.

ಅಂದಿನ ಧಾರವಾಡ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮನವರ ಮಗನಾಗಿ 1892ರಲ್ಲಿ ಅವರು ಜನಿಸಿದರು. ಗದಿಗೆಯ್ಯನೆಂಬುದು ಹುಟ್ಟುಹೆಸರು. ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ, ಸಹೋದರ ಗುರುಬಸವಯ್ಯನೂ ಅಂಧನೇ. ಒಂದೇ ಒಲೆಯ ಮುಂದೆ ಇಬ್ಬರು ಅಂಧ ಮಕ್ಕಳು! ಇಂಥ ಮನೆಗಳನ್ನು ಕಂಡು ಪೂರ್ವಜನ್ಮದ ಪಾಪವೆಂದು ಪಿಸುಗುಟ್ಟುವ ನಾಲಗೆಗಳು ಎಲ್ಲ ಕಾಲದಲ್ಲಿಯೂ ಉಂಟು.

ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಆ ಬಾಲಕರಲ್ಲಿ ಪಾಪವನ್ನು ಕಾಣಲಿಲ್ಲ, ಕಂಠದ ಗುಣವನ್ನು ಕಂಡರು. ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗದಿಗೆಯ್ಯನು ಕರ್ನಾಟಕ ಮತ್ತು ಹಿಂದುಸ್ಥಾನೀ ಎರಡೂ ಪದ್ಧತಿಗಳನ್ನು ಸಾಧಿಸಿ ಪಂಚಾಕ್ಷರ ಗವಾಯಿಯಾದನು.

ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳು ಅದನ್ನು ತಮ್ಮ ಕೀರ್ತಿಗಾಗಿ ಬಳಸಿಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಮಕ್ಕಳ ಅನ್ನಕ್ಕಾಗಿ ಜೋಳಿಗೆ ಹಿಡಿದರು. ಸಂಚಾರದ ಆ ಪಾಠಶಾಲೆಯೇ ಕೊನೆಗೆ ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆಂದು ಹೆಸರಾಯಿತು. 1914ರಲ್ಲಿ ಜನಿಸಿ ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಅವರ ಮಡಿಲಿಗೆ ಬಂದವರು. 1944ರಲ್ಲಿ ಗುರುಗಳು ಲಿಂಗೈಕ್ಯರಾಗಲು, ಪುಟ್ಟರಾಜರೇ ಆಶ್ರಮದ ಭಾರವನ್ನು ಹೊತ್ತು 2010ರವರೆಗೆ ನಡೆಸಿದರು. ಬಸವರಾಜ ರಾಜಗುರುಗಳಂಥ ಕಣ್ಣುಳ್ಳ ಗಾಯಕರೂ ಆ ಅಂಧ ಗುರುವಿನ ಪಾದದಲ್ಲಿಯೇ ಕುಳಿತು ಕಲಿತರು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅಂಧ ಮಗನು ಗವಾಯಿಯಾದುದರಿಂದ ತಾಯ್ತಂದೆಗಳ ದೋಷವು ಪರಿಹಾರವಾಯಿತೆಂದು ತಿಳಿಯುವುದು ತಪ್ಪು, ದೋಷವೇ ಇರಲಿಲ್ಲ. ದೃಷ್ಟಿ ಇಲ್ಲದಿರುವುದಕ್ಕೆ ರೋಗ, ವಂಶವಾಹಿ, ಪೋಷಣೆಯ ಕೊರತೆ ಮುಂತಾದ ಕಾರಣಗಳುಂಟೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹೆತ್ತವರ ಪಾಪವು ಅವುಗಳಲ್ಲಿ ಒಂದಲ್ಲ. ಜೀವಮಾನವಿಡೀ ಒಂದು ಸ್ವರವನ್ನೂ ಹಾಡದ, ಒಂದು ಮಾತನ್ನೂ ಆಡದ ಮಗುವಿನ ತಾಯಿಯೂ ನೀಲಮ್ಮನಷ್ಟೇ ನಿರ್ದೋಷಿ. ದೇಹವನ್ನೇ ದೇಗುಲವೆಂದು ಬಗೆದ ಶರಣರು ಕಣ್ಣುಳ್ಳ ದೇಗುಲ, ಕಣ್ಣಿಲ್ಲದ ದೇಗುಲವೆಂದು ಭೇದವೆಣಿಸಲಿಲ್ಲ. ಲಿಂಗಧಾರಣೆಗೆ ಕೊರಳು ಸಾಕು, ಕಣ್ಣು ಬೇಕೆಂಬ ನಿಯಮವಿಲ್ಲ.

ಘಟ್ಟದ ಮೇಲಣ ಹಾನಗಲ್ಲಿನಲ್ಲಾಗಲಿ, ಕೆಳಗಣ ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಾಗಲಿ ಇಂಥ ಮಕ್ಕಳ ಮನೆಗಳುಂಟು. ಆ ತಾಯಿಯು ಮಗುವನ್ನೆತ್ತಿಕೊಂಡು ಮಠದ ಪಂಕ್ತಿಗೆ ಬಂದಾಗ ಬದಿಯವರು ಎಲೆಯನ್ನು ಸರಿಸಿ ಅವಳಿಗೆ ಎಡೆ ಮಾಡಿಕೊಡಬೇಕು. ಅವಳು ಕ್ಷಮೆ ಬೇಡುವ ಮೊದಲೇ ಮಗುವಿನ ಹೆಸರನ್ನು ಕೇಳಬೇಕು. ಕುಮಾರ ಮಹಾಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಆ ಬಾಲಕರಿಗೆ ತೋರಿದ ದಾರಿಯಲ್ಲಿ ಭಕ್ತರು ಇಡಬಹುದಾದ ಮೊದಲ ಹೆಜ್ಜೆ ಇದು.