ಕಂದಾಯ ಕಟ್ಟಿದ ಮೇಲೆ ಉಳಿಯುವುದೆಷ್ಟು?

ಸರ್ ಥಾಮಸ್ ಮನ್ರೋ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮಂತ್ರಾಲಯದ ಐತಿಹ್ಯ. ಮಠದ ಗ್ರಾಮದ ಕಂದಾಯದ ವಿಚಾರಣೆಗೆ ಬಂದ ಈ ಅಧಿಕಾರಿಗೆ ರಾಘವೇಂದ್ರ ಸ್ವಾಮಿಗಳು ದರ್ಶನವಿತ್ತರೆಂಬುದು ಭಕ್ತರ ನಂಬಿಕೆ. ಆ ನಂಬಿಕೆಯನ್ನು ಪರೀಕ್ಷಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಕಥೆಯ ನಡುವೆಯೂ ಇರುವುದು ಕಂದಾಯವೇ ಎಂಬುದು ಗಮನಾರ್ಹ. ಈತನ ಬದುಕು ಕಳೆದದ್ದೇ ಅದರಲ್ಲಿ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನನ್ನ ಹುಟ್ಟೂರು ಹೆಬಳೆಯೂ ಸೇರಿದಂತೆ ಭಟ್ಕಳ, ಹೊನ್ನಾವರ, ಕುಮಟಾಗಳ ಕರಾವಳಿಯಲ್ಲಿ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದವರು. ಅಮೆರಿಕದ ಸ್ವಾತಂತ್ರ್ಯ ಸಮರ ಆ ವ್ಯಾಪಾರವನ್ನು ನೆಲಕಚ್ಚಿಸಿತು. ತೆರಿಗೆಯ ವಿವಾದದಿಂದ ಬೆಳೆದ ಯುದ್ಧವೊಂದು ಸಾಗರದಾಚೆಯ ಒಂದು ಮನೆತನವನ್ನು ದಿವಾಳಿ ಎಬ್ಬಿಸಿ, ಅದರ ಮಗನನ್ನು 1780ರಲ್ಲಿ ಸಾಮಾನ್ಯ ಕೆಡೆಟ್ ಆಗಿ ಮದರಾಸಿಗೆ ತಂದು ಬಿಟ್ಟಿತು. ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಸೈನಿಕನಾಗಿದ್ದ ಮನ್ರೋ, 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸ ಕಲಿತ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕೆನರಾ ಜಿಲ್ಲೆ ಕಂಪನಿಯ ವಶವಾಯಿತು. ಅದರ ಮೊದಲ ಕಲೆಕ್ಟರ್ ಆಗಿ ಬಂದವನು ಮನ್ರೋ. ಮನಸ್ಸಿಲ್ಲದೆ ಬಂದ ನೇಮಕ ಅದು. ಬಿಡದೆ ಸುರಿಯುವ ಮಳೆ, ಹೆಜ್ಜೆಹೆಜ್ಜೆಗೂ ಅಡ್ಡಬರುವ ಹೊಳೆ, ಅಳಿವೆಗಳು ಬಯಲುಸೀಮೆಗೆ ಒಗ್ಗಿದ್ದ ಅವನನ್ನು ಕಂಗೆಡಿಸಿದವು. ಇದಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ರೈತರ ಅಸಹಕಾರ. ಕಂದಾಯ ಇಳಿಸುವವರೆಗೆ ಜಮಾಬಂದಿಗೆ ಬರುವುದಿಲ್ಲವೆಂದು ಅನೇಕ ಕಡೆ ಭೂಹಿಡುವಳಿದಾರರು ಒಗ್ಗಟ್ಟಾಗಿ ಪಟ್ಟು ಹಿಡಿದರು. ಅವರು ಕೇಳಿದ್ದು ಬಿದನೂರಿನ ನಾಯಕರ ಕಾಲದ ಹಳೆಯ ದರವನ್ನು.

ಈ ಹಟದ ಹಿಂದಿನ ಕಾರಣವನ್ನು ಅರಿಯಲು ಮನ್ರೋ ಹಳೆಯ ಲೆಕ್ಕಪತ್ರಗಳನ್ನೂ ಕ್ರಯಪತ್ರಗಳನ್ನೂ ತರಿಸಿ ನೋಡಿದ. ಅದರ ಫಲವೇ 1800ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಅವನು ಸಲ್ಲಿಸಿದ ವರದಿಗಳು. ಅವನು ಕಂಡುಕೊಂಡ ಪ್ರಕಾರ ವಿಜಯನಗರದ ಕಾಲದ ಲೆಕ್ಕ ಹೀಗಿತ್ತು: 30 ಪಾಲು ಬೆಳೆಯಲ್ಲಿ 15 ಪಾಲು ಬೇಸಾಯಗಾರನಿಗೆ, ಏಳೂವರೆ ಪಾಲು ಭೂಮಾಲೀಕನಿಗೆ. ಮಿಕ್ಕ ಏಳೂವರೆಯಲ್ಲಿ ಐದು ಸರ್ಕಾರಕ್ಕೆ, ಉಳಿದದ್ದು ದೇವಸ್ಥಾನ ಮತ್ತು ಬ್ರಾಹ್ಮಣರಿಗೆ. ಬಿದನೂರಿನ ಅರಸರು ಇದರ ಮೇಲೆ ಹೆಚ್ಚುವರಿ ಹೇರಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಇನ್ನಷ್ಟು ಸೇರಿಸಿದ, ಟಿಪ್ಪುವಿನ ಕಾಲದಲ್ಲಿ ಅದು ಮತ್ತೂ ಏರಿತು. ಯುದ್ಧದ ಖರ್ಚಿಗೆಂದು ಬಂದ ಹೆಚ್ಚುವರಿಗಳು ಯುದ್ಧ ಮುಗಿದ ಮೇಲೂ ಹಿಂದೆ ಹೋಗಲಿಲ್ಲ.

ಮನ್ರೋವಿಗೆ ಅಚ್ಚರಿಯಾದದ್ದು ಮತ್ತೊಂದು ಸಂಗತಿ. ಕೆನರಾದಲ್ಲಿ ಭೂಮಿಗೆ ಬೆಲೆಯಿತ್ತು. ಮೂಲಿ ಹಕ್ಕಿನ ಜಮೀನನ್ನು ಜನ ಮಾರುತ್ತಿದ್ದರು, ಅಡವಿಡುತ್ತಿದ್ದರು, ಮಕ್ಕಳಿಗೆ ಬಿಡುತ್ತಿದ್ದರು. ಬಾರಾಮಹಲಿನಲ್ಲಿ ಅವನು ಇಂಥದ್ದನ್ನು ಕಂಡಿರಲಿಲ್ಲ. ಕಾರಣವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ಸುಲಭವಾಗಿ ಗುರುತಿಸಬಲ್ಲ. ಕಂದಾಯ ಕಟ್ಟಿದ ಮೇಲೆ ಒಡೆಯನ ಕೈಯಲ್ಲಿ ಏನಾದರೂ ಉಳಿದರೆ ಮಾತ್ರ ಜಮೀನಿಗೆ ಮಾರುಕಟ್ಟೆ ಬೆಲೆ ಬರುತ್ತದೆ. ಇಡೀ ಉತ್ಪತ್ತಿಯನ್ನು ಸರ್ಕಾರವೇ ಬಾಚಿಕೊಂಡರೆ ಜಮೀನು ಆಸ್ತಿಯಾಗುವುದಿಲ್ಲ, ಹೊರೆಯಾಗುತ್ತದೆ. ಆದ್ದರಿಂದ ನಂತರದ ಏರಿಕೆಗಳಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟು, ಮಧ್ಯವರ್ತಿಗಳಿಲ್ಲದೆ ಒಬ್ಬೊಬ್ಬ ಹಿಡುವಳಿದಾರನೊಡನೆಯೂ ಕಂದಾಯ ನಿಗದಿ ಮಾಡಿದ.

1800ರ ಕೊನೆಯಲ್ಲಿ ಬಯಸಿದ ವರ್ಗಾವಣೆ ದೊರೆಯಿತು. ಬಳ್ಳಾರಿ, ಅನಂತಪುರ, ಕಡಪಗಳನ್ನೊಳಗೊಂಡ ದತ್ತಮಂಡಲದಲ್ಲಿ ಏಳು ವರ್ಷ ದುಡಿದ. ಹೊಲಹೊಲವನ್ನೂ ಅಳೆಸಿ ದರ ಕಟ್ಟಿಸಿದ. ಅವನ ಅವಧಿಯಲ್ಲಿ ಅಲ್ಲಿನ ಭೂಕಂದಾಯ ಸುಮಾರು ಅರ್ಧದಷ್ಟು ಹೆಚ್ಚಿತು. ಸಾಮಾನ್ಯ ಅಧಿಕಾರಿ ಆ ಅಂಕಿಯನ್ನು ತೋರಿಸಿ ಬಡ್ತಿ ಕೇಳುತ್ತಿದ್ದ. ಮನ್ರೋ 1807ರಲ್ಲಿ ಊರಿಗೆ ಹೊರಡುವ ಮುನ್ನ ಬರೆದುಕೊಟ್ಟದ್ದು ತದ್ವಿರುದ್ಧ ಶಿಫಾರಸು: ತಾನೇ ನಿಗದಿ ಮಾಡಿದ ದರವನ್ನು ಶೇ 25ರಷ್ಟು, ಬಾವಿ ನೀರಾವರಿ ಮತ್ತು ತೋಟದ ಜಮೀನುಗಳಲ್ಲಿ ಶೇ 33ರಷ್ಟು ಇಳಿಸಬೇಕು. ಸ್ವಂತ ಹಣ ಹಾಕಿ ಬಾವಿ ತೋಡಿದವನ ಶ್ರಮದ ಫಲಕ್ಕೆ ಸರ್ಕಾರ ಕೈಹಾಕಿದರೆ ಮುಂದೆ ಯಾರೂ ಬಾವಿ ತೋಡುವುದಿಲ್ಲ. ಕೆನರಾದ ಪಾಠ ಇಲ್ಲಿ ಫಲ ಕೊಟ್ಟಿತೆಂದು ನನ್ನ ತಿಳಿವಳಿಕೆ.

ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. ಬೊಕ್ಕಸಕ್ಕೆ ಹಣ ಬೇಕಿತ್ತು. ರೈತವಾರಿ ಪದ್ಧತಿಯನ್ನೇ ಬದಿಗಿಟ್ಟು ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆಗೆ ಕೊಡಲಾಯಿತು. ಇಂಗ್ಲೆಂಡಿನಲ್ಲಿ ವಾದಿಸಿ 1814ರಲ್ಲಿ ಮರಳಿದ ಮನ್ರೋ, ಮರಾಠಾ ಯುದ್ಧದಲ್ಲಿ ಧಾರವಾಡ, ಬಾದಾಮಿ, ಬೆಳಗಾವಿಗಳನ್ನು ಗೆದ್ದು, 1820ರಲ್ಲಿ ಮದರಾಸಿನ ಗವರ್ನರ್ ಆದ. ಆಗಷ್ಟೇ ಆ ರಿಯಾಯಿತಿ ಆಜ್ಞೆಯಾಗಿ ಹೊರಬಿತ್ತು. ಕಡತದಿಂದ ಹೊಲಕ್ಕೆ ತಲುಪಲು ಒಂದು ಒಳ್ಳೆಯ ಶಿಫಾರಸು 13 ವರ್ಷ ತೆಗೆದುಕೊಂಡಿತು. ಅದೂ, ಬರೆದವನೇ ಗವರ್ನರ್ ಆದ ಕಾರಣಕ್ಕೆ.

ಮನ್ರೋವನ್ನು ದೇವರಾಗಿಸುವ ಅಗತ್ಯವಿಲ್ಲ. ಅವನು ಕಂಪನಿಯ ನೌಕರ, ಕಂಪನಿಗೆ ಆದಾಯ ತಂದುಕೊಡುವುದೇ ಅವನ ಕರ್ತವ್ಯವಾಗಿತ್ತು. ಮಗ್ಗ, ಅಂಗಡಿ, ಕಸುಬುಗಳ ಮೇಲಿನ ಮೊಹತರ್ಫಾ ಅವನ ಆಡಳಿತದಲ್ಲೂ ಮುಂದುವರಿಯಿತು. ನಗದಿನಲ್ಲಿ ನಿಗದಿಯಾದ ಕಂದಾಯ, ಧಾನ್ಯದ ಬೆಲೆ ಕುಸಿದಾಗ ರೈತನ ಕುತ್ತಿಗೆ ಹಿಸುಕಿತು. ಅವನು ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1830-31ರಲ್ಲಿ, ಕೆನರಾದ ರೈತರು ಕೂಟಗಳನ್ನು ಕಟ್ಟಿ ಕಂದಾಯ ನಿರಾಕರಿಸಿದರು. ಕಂದಾಯ ವಸೂಲಿಗೆ ಚಿತ್ರಹಿಂಸೆ ನಡೆಯುತ್ತಿದ್ದುದನ್ನು 1855ರಲ್ಲಿ ಮದರಾಸಿನ ವಿಚಾರಣಾ ಆಯೋಗವೇ ದಾಖಲಿಸಿತು. ಮೇಲಿನ ದರ ಎಷ್ಟೇ ನ್ಯಾಯವಾಗಿರಲಿ, ಕೆಳಗಿನ ಕಚೇರಿ ಸರಿಯಿಲ್ಲದಿದ್ದರೆ ಅದರ ಲಾಭ ರೈತನಿಗೆ ತಲುಪದು.

ಇಂದು ಭೂಕಂದಾಯ ನಗಣ್ಯ. ಆದರೆ ಪ್ರಶ್ನೆ ಹಾಗೆಯೇ ಇದೆ. 2025-26ರ ಕೇಂದ್ರ ಬಜೆಟ್, ಬಂಡವಾಳ ಲಾಭದಂಥ ವಿಶೇಷ ದರದ ಆದಾಯಗಳನ್ನು ಬಿಟ್ಟು, ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ವಾರ್ಷಿಕ ಆದಾಯವನ್ನು ತೆರಿಗೆಯಿಂದ ಮುಕ್ತಗೊಳಿಸಿತು. ಸಂಬಳದಾರರ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಅದೇ ವರ್ಷದ ಜುಲೈನಲ್ಲಿ, ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಹಿಂದಿನ ವರ್ಷಗಳ ಜಿಎಸ್‌ಟಿಗಾಗಿ ನೋಟಿಸ್ ಬಂದಾಗ ರಾಜ್ಯದ ಹಾಲು, ತರಕಾರಿ, ಬೇಕರಿ ವ್ಯಾಪಾರಿಗಳು ಬೆದರಿದರು. ವಹಿವಾಟೇ ಬೇರೆ, ಉಳಿಕೆಯೇ ಬೇರೆ ಎಂಬುದನ್ನು ಅವರು ಬೀದಿಗಿಳಿದು ಹೇಳಬೇಕಾಯಿತು. ಹಳೆಯ ಬಾಕಿಯ ಬೆನ್ನು ಹತ್ತುವುದಿಲ್ಲವೆಂದು ಸರ್ಕಾರ ಕೊನೆಗೆ ಹೇಳಿತು. ಜಮಾಬಂದಿಗೆ ಬರಲೊಪ್ಪದ ಕೆನರಾದ ಹಿಡುವಳಿದಾರರಿಗೂ ಇವರಿಗೂ ಸಂಬಂಧವಿಲ್ಲವೆನ್ನಲಾದೀತೆ?

ನನ್ನ ಸೇವಾವಧಿಯಲ್ಲಿ ಬಜೆಟ್ ತಯಾರಿಯ ಸಭೆಗಳಲ್ಲಿ ಕೇಳಿಬರುತ್ತಿದ್ದ ಮೊದಲ ಪ್ರಶ್ನೆ, ಈ ದರದಿಂದ ಬೊಕ್ಕಸಕ್ಕೆ ಎಷ್ಟು ಬರುತ್ತದೆ ಎಂಬುದು. ಕಟ್ಟಿದವನಿಗೆ ಎಷ್ಟು ಉಳಿಯುತ್ತದೆ ಎಂಬ ಪ್ರಶ್ನೆಯೂ ಅದರ ಪಕ್ಕದಲ್ಲೇ ಇರಬೇಕು. ತೆರಿಗೆಯ ಪ್ರಸ್ತಾವದ ಪ್ರತಿ ಕಡತದಲ್ಲೂ ಅದಕ್ಕೊಂದು ಅಂಕಣವಿದ್ದರೆ ಸಣ್ಣ ವ್ಯಾಪಾರಿ ಬೀದಿಗಿಳಿಯುವ ಪ್ರಸಂಗ ಕಡಿಮೆಯಾದೀತು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದಾಗ ಮನ್ರೋ ನಿವೃತ್ತಿಯ ಹೊಸ್ತಿಲಲ್ಲಿದ್ದ. ಸ್ವದೇಶಕ್ಕೆ ಹೊರಡುವ ಮೊದಲು ದತ್ತಮಂಡಲವನ್ನು ಮತ್ತೊಮ್ಮೆ ನೋಡಲೆಂದು ಅವನು ಅಲ್ಲಿಗೆ ಹೋಗಿದ್ದ.