ಪಕ್ಷವಿಲ್ಲದ ಅಭ್ಯರ್ಥಿ: ವಿ. ವಿ. ಗಿರಿಯವರ ಬಾಳು

ಕಡೂರು, ತರೀಕೆರೆ, ಅಜ್ಜಂಪುರಗಳ ಕಾವಲುಭೂಮಿಯಲ್ಲಿ ದನ ಸಾಕಿ ಬಾಳಿದವರಿಗೆ, ಎಮ್ಮೆದೊಡ್ಡಿಯಂಥ ಹೆಸರನ್ನೇ ಹೊತ್ತ ಊರಿನವರಿಗೆ, ಒಂದು ಪ್ರಶ್ನೆ ಸಹಜವಾಗಿಯೇ ಹೊಳೆದೀತು: ಮೂಗುದಾರವಿಲ್ಲದೆ ಮೇಯುವ ಹೋರಿ ಸಂಜೆಗೆ ಯಾರ ದೊಡ್ಡಿಯನ್ನು ಸೇರುತ್ತದೆ? 1969ರಲ್ಲಿ ವರಾಹಗಿರಿ ವೆಂಕಟಗಿರಿಯವರು ಯಾವ ಪಕ್ಷದ ಮುದ್ರೆಯೂ ಇಲ್ಲದೆ ರಾಷ್ಟ್ರಪತಿ ಪದವಿಗೆ ಸ್ಪರ್ಧಿಸಿದಾಗ ದೇಶದ ಸಂಪ್ರದಾಯನಿಷ್ಠ ರಾಜಕಾರಣಿಗಳು ಕೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಹೋಲಿಕೆ ಒರಟಾಯಿತೆನ್ನುವವರು ಮನ್ನಿಸಬೇಕು. ಆ ವರ್ಷದ ಮಾತುಗಳು ಇದಕ್ಕಿಂತ ಒರಟಾಗಿದ್ದವು.

ಗಿರಿಯವರು ಹುಟ್ಟಿದ್ದು 1894ರ ಆಗಸ್ಟ್ 10ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಬರ್ಹಾಂಪುರದಲ್ಲಿ. ತಂದೆ ಜೋಗಯ್ಯ ಪಂತುಲು ಹೆಸರಾಂತ ವಕೀಲರು. ಮಗನೂ ಕಾನೂನನ್ನೇ ಓದಲೆಂದು 1913ರಲ್ಲಿ ಐರ್ಲೆಂಡಿನ ಡಬ್ಲಿನ್ನಿಗೆ ಹೋದರು. ಅಲ್ಲಿ ಅವರು ಕಾನೂನಿಗಿಂತ ಹೆಚ್ಚಾಗಿ ಕಂಡದ್ದು ಒಂದು ಸಣ್ಣ ದೇಶ ದೊಡ್ಡ ಸಾಮ್ರಾಜ್ಯದೆದುರು ತಲೆಯೆತ್ತಿದ ಬಗೆಯನ್ನು. 1916ರ ಈಸ್ಟರ್ ದಂಗೆಯ ತರುವಾಯ ಸರ್ಕಾರದ ಸಂಶಯಕ್ಕೆ ಗುರಿಯಾಗಿ ಆ ದೇಶವನ್ನು ಬಿಡಬೇಕಾಯಿತು.

ತಾಯ್ನಾಡಿಗೆ ಮರಳಿದ ಮೇಲೆ ವಕೀಲಿ ಹಿಂದೆ ಸರಿದು ಕಾರ್ಮಿಕರ ಸಂಘಟನೆ ಮುಂದೆ ಬಂತು. ಅದರಲ್ಲಿಯೂ ರೈಲ್ವೆ ಕಾರ್ಮಿಕರದು. ಬೀರೂರಿನಂಥ ಜಂಕ್ಷನ್ನಿನಲ್ಲಿ ಹಗಲಿರುಳೆನ್ನದೆ ಹಳಿ ಕಾಯುವವರ, ಕಲ್ಲಿದ್ದಲಿನ ಉರಿಗೆ ಮೈಯೊಡ್ಡಿದವರ ದುಡಿಮೆಯನ್ನು ಕಂಡವರಿಗೆ ಆ ಕೆಲಸದ ಗುರುತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಗಾಳ ನಾಗಪುರ ರೈಲ್ವೆಯ ನೌಕರರನ್ನು ಅವರು ಒಗ್ಗೂಡಿಸಿದರು. ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿಗೆ ಎರಡು ಸಲ ಅಧ್ಯಕ್ಷರಾದರು. 1937ರಲ್ಲಿ ಬೊಬ್ಬಿಲಿಯ ರಾಜರನ್ನು ಚುನಾವಣೆಯಲ್ಲಿ ಸೋಲಿಸಿ ರಾಜಾಜಿಯವರ ಮದರಾಸು ಮಂತ್ರಿಮಂಡಲವನ್ನು ಸೇರಿದರು. ಸ್ವಾತಂತ್ರ್ಯಾನಂತರ ಸಿಂಹಳದಲ್ಲಿ ಹೈಕಮಿಷನರಾಗಿದ್ದು, 1952ರಲ್ಲಿ ನೆಹರೂ ಅವರ ಕಾರ್ಮಿಕ ಸಚಿವರಾದರು.

ಅವರ ಸ್ವತಂತ್ರ ಮನೋವೃತ್ತಿಗೆ ಅಲುಗದ ಸಾಕ್ಷ್ಯವೊಂದಿದ್ದರೆ ಅದು 1954ರದು. ಬ್ಯಾಂಕ್ ನೌಕರರ ವೇತನ ಕುರಿತು ಕಾರ್ಮಿಕ ಮೇಲ್ಮನವಿ ನ್ಯಾಯಮಂಡಲಿ ಕೊಟ್ಟ ತೀರ್ಪನ್ನು ಸರ್ಕಾರವೇ ತಿದ್ದಿ ಇಳಿಸಿತು. ವಿವಾದಗಳನ್ನು ನ್ಯಾಯಮಂಡಲಿಯ ಹೇರಿಕೆಗಿಂತ ಎರಡು ಪಕ್ಷದವರೂ ಎದುರು ಕುಳಿತು ತೀರಿಸಿಕೊಳ್ಳುವುದೇ ಮೇಲೆಂದು ಸಾಧಿಸುತ್ತ ಬಂದಿದ್ದವರು ಗಿರಿಯವರು. ಆದರೆ ಕೊಟ್ಟ ತೀರ್ಪನ್ನು ಮುರಿಯುವುದು ಅವರಿಗೆ ಸಹನೆಯಾಗಲಿಲ್ಲ, ರಾಜೀನಾಮೆಯಿತ್ತು ಹೊರಬಂದರು. ಆಗ ಹಣಕಾಸಿನ ಸಚಿವರಾಗಿದ್ದವರು ಚಿಂತಾಮಣ ದೇಶಮುಖ್. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಂದಿನದು ರಾಜ್ಯಪಾಲರ ದಶಕ: ಉತ್ತರ ಪ್ರದೇಶ, ಕೇರಳ, ಬಳಿಕ 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯ. ಆಗ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು. ಒಬ್ಬರು ರಾಜಭವನದಲ್ಲಿ, ಒಬ್ಬರು ವಿಧಾನಸೌಧದಲ್ಲಿ. ನಡುವೆ ಕೂಗಳತೆಯ ದೂರ. ಅಲ್ಲಿಂದ ಗಿರಿಯವರು ಉಪರಾಷ್ಟ್ರಪತಿಗಳಾಗಿ ದೆಹಲಿಗೆ ಹೋದರು. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ರಾಧಾಕೃಷ್ಣನ್, ಜಾಕಿರ್ ಹುಸೇನರು ಉಪರಾಷ್ಟ್ರಪತಿ ಪದವಿಯಿಂದಲೇ ಮೇಲೇರಿದ್ದುದರಿಂದ ಗಿರಿಯವರೂ ಅದನ್ನೇ ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಜುಲೈನಲ್ಲಿ ಬೆಂಗಳೂರಿನ ಅಧಿವೇಶನಕ್ಕೆ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸು ಕೂಡಿದ್ದಾಗ, ಅದರ ಸಂಸದೀಯ ಮಂಡಲಿ ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟವನ್ನು ಮೀರಿ ಸಂಜೀವ ರೆಡ್ಡಿಯವರನ್ನು ಆರಿಸಿತು. ಗಿರಿಯವರು ಸ್ವತಂತ್ರವಾಗಿ ನಿಲ್ಲುವುದಾಗಿ ಸಾರಿದರು. 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಆಜ್ಞೆಗೆ ಜುಲೈ 19ರಂದು ಸಹಿ ಹಾಕಿ, ಮರುದಿನ ಹುದ್ದೆಯನ್ನು ಬಿಟ್ಟರು.

ಹಿರಿಯರ ಸಂಶಯ ಕುದುರಿದ್ದು ಇಲ್ಲಿಯೇ. ಪಕ್ಷದ ಚೀಟಿ ಸಿಕ್ಕದ ಮೇಲೆ ಹುಟ್ಟಿದ ಸ್ವಾತಂತ್ರ್ಯಕ್ಕೆ ಎಷ್ಟು ಬೆಲೆ? ಕಮ್ಯುನಿಸ್ಟರೂ ದ್ರಾವಿಡ ಮುನ್ನೇತ್ರ ಕಳಗದವರೂ ಬೆನ್ನಿಗೆ ನಿಂತವರನ್ನು, ಪ್ರಧಾನಿಯೇ ಒಳಗಿನಿಂದ ಬಯಸಿದವರನ್ನು ಪಕ್ಷಾತೀತರೆನ್ನುವುದು ಹೇಗೆ? ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷವೂ ಜನಸಂಘವೂ ತಮ್ಮ ಅಭ್ಯರ್ಥಿಯಾಗಿ ಮುಂದಿಟ್ಟದ್ದು ಅದೇ ದೇಶಮುಖರನ್ನು. 1956ರಲ್ಲಿ ಮುಂಬಯಿಯ ಪ್ರಶ್ನೆಯ ಮೇಲೆ ಅವರೂ ನೆಹರೂ ಮಂತ್ರಿಮಂಡಲವನ್ನು ತೊರೆದಿದ್ದರು. ತ್ಯಾಗದ ತಕ್ಕಡಿಯಲ್ಲಿ ಅವರೇನೂ ಹಗುರವಲ್ಲ. ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತವನ್ನು ರೆಡ್ಡಿಯವರಿಗಾಗಿ ಕೋರಿದರು. ಅದನ್ನೇ ನೆಪವಾಗಿ ಹಿಡಿದು, ರೆಡ್ಡಿಯವರ ನಾಮಪತ್ರಕ್ಕೆ ಸಹಿ ಮಾಡಿದ್ದ ಇಂದಿರಾ ಗಾಂಧಿಯವರೇ ಅಂತಃಸಾಕ್ಷಿಯಂತೆ ಮತ ಕೊಡುವ ಸ್ವಾತಂತ್ರ್ಯವನ್ನು ಸದಸ್ಯರಿಗೆ ಬಿಟ್ಟರು.

ಎಪ್ಪತ್ತೈದು ತುಂಬಿ ಆರನೆಯ ದಿನ, ಆಗಸ್ಟ್ 16ರಂದು, ಮತದಾನ ನಡೆಯಿತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769, ಯಾರಿಗೂ ಬಹುಮತವಿಲ್ಲ. ಎರಡನೆಯ ಪ್ರಾಶಸ್ತ್ಯ ಸೇರಿದಾಗ ಗಿರಿಯವರು 4,20,077, ರೆಡ್ಡಿಯವರು 4,05,427. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ಸೇ ಎರಡಾಯಿತು. ಆಯ್ಕೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ರಾಷ್ಟ್ರಪತಿಗಳು ತಾವೇ ಸುಪ್ರೀಂ ಕೋರ್ಟಿಗೆ ಹೋಗಿ ಸಾಕ್ಷ್ಯ ನುಡಿದರು. ಪದವಿಯ ಮರೆಯಲ್ಲಿ ನಿಲ್ಲದ ಆ ನಡೆ ಅವರಿಗೆ ಭೂಷಣ. ಅರ್ಜಿ ವಜಾ ಆಯಿತು.

ಆದರೆ ಸಂಶಯಪಟ್ಟವರು ಸೋತರೆಂದು ಹೇಳಿಬಿಡುವುದು ಸುಲಭವಲ್ಲ. 1970ರಲ್ಲಿ ರಾಜರ ಮಾನ್ಯತೆಯನ್ನು ಕಳೆಯುವ ಆಜ್ಞೆಗೆ ಗಿರಿಯವರ ಸಹಿ ಬಿತ್ತು; ಆ ಆಜ್ಞೆಯನ್ನು ಸುಪ್ರೀಂ ಕೋರ್ಟು ಅದೇ ವರ್ಷ ತಳ್ಳಿಹಾಕಿತು. 1973ರಲ್ಲಿ ನಮ್ಮ ಕೆ. ಎಸ್. ಹೆಗ್ಡೆಯವರೂ ಸೇರಿ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಮಾಡಿದ ನೇಮಕವೂ ಅವರ ಹೆಸರಿನಲ್ಲೇ ಹೊರಟಿತು. ಸಂವಿಧಾನ ಅವರ ಕೈ ಕಟ್ಟಿತ್ತೆನ್ನಬಹುದು, ನಿಜ. ಆದರೆ ಮಂತ್ರಿಯಾಗಿದ್ದಾಗ ಕುರ್ಚಿಯನ್ನೇ ಬಿಟ್ಟು ಎದ್ದವರು ರಾಷ್ಟ್ರಪತಿಯಾಗಿ ಒಂದು ಕಡತವನ್ನಾದರೂ ಮರುವಿಚಾರಕ್ಕೆಂದು ತಡೆದು ಹಿಡಿಯಬಾರದಿತ್ತೆ ಎಂಬ ಕೊರಗು ಈ ಲೇಖಕನಿಗೆ ಹೋಗದು.

1974ರ ಮೇ 8ರಂದು ದೇಶದ ರೈಲುಗಳು ನಿಂತವು. ಮುಷ್ಕರದ ಮುಂದಾಳು ಮಂಗಳೂರಿನ ಜಾರ್ಜ್ ಫರ್ನಾಂಡಿಸ್; ಅವರು ಅಧ್ಯಕ್ಷರಾಗಿದ್ದ ಒಕ್ಕೂಟ ಗಿರಿಯವರು ಹರೆಯದಲ್ಲಿ ಕಟ್ಟಿದ ಅದೇ ಒಕ್ಕೂಟ. ಸಾವಿರಾರು ಮಂದಿ ಸೆರೆ ಸೇರಿದರು, ಕೆಲಸ ಕಳೆದುಕೊಂಡರು; ಇಪ್ಪತ್ತು ದಿನಗಳಲ್ಲಿ ಮುಷ್ಕರ ಮುರಿಯಿತು. ಅಷ್ಟು ಕಾಲವೂ ರಾಷ್ಟ್ರಪತಿ ಭವನದಲ್ಲಿದ್ದವರು ಗಿರಿಯವರೇ. ಆಗಸ್ಟ್ 24ರಂದು ಅವರ ಅವಧಿ ಮುಗಿಯಿತು. ಮರುವರ್ಷ ಭಾರತರತ್ನ ಬಂತು. 1980ರ ಜೂನ್ 24ರಂದು ಮದರಾಸಿನಲ್ಲಿ ತೀರಿಕೊಂಡರು.