ಚಾರ್ಲ್ಸ್ ಡಾರ್ವಿನ್: ಆಕ್ಷೇಪಗಳನ್ನು ಆಲಿಸಿದ ವಿಜ್ಞಾನಿ

ನೂರು ವರ್ಷ ತುಂಬಿದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮಹನೀಯರ ಜೀವನವನ್ನು ನೆನೆಯುವುದು ವಾಡಿಕೆ. ನಾವು ಇಲ್ಲಿ ಚಾರ್ಲ್ಸ್ ಡಾರ್ವಿನ್ನರನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಜೀವವಿಕಾಸದ ಪಾಠ ನಡೆಯುವಾಗ ಒಂದಲ್ಲ ಒಂದು ಮಗು ಎದ್ದು ನಿಂತು, ಇಷ್ಟು ಅಚ್ಚುಕಟ್ಟಾದ ಕಣ್ಣು ಯಾರೂ ರೂಪಿಸದೆ ಉಂಟಾಯಿತೆಂದು ನಂಬುವುದು ಹೇಗೆ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ನಾವು ಉದ್ಧಟತನವೆಂದು ಎಣಿಸುವುದಿಲ್ಲ. ಡಾರ್ವಿನ್ನರು ತಮಗೆ ತಾವೇ ಕೇಳಿಕೊಂಡ ಪ್ರಶ್ನೆ ಅದು.

ಡಾರ್ವಿನ್ನರು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ವೈದ್ಯರಾಗಿದ್ದ ತಂದೆ ಮಗನನ್ನೂ ವೈದ್ಯನನ್ನಾಗಿಸಲು ಎಡಿನ್‌ಬರೋಗೆ ಕಳುಹಿಸಿದರು. ಆ ವಿದ್ಯೆ ಒಗ್ಗಲಿಲ್ಲ. ಬಳಿಕ ಪಾದ್ರಿಯಾಗಲೆಂದು ಕೇಂಬ್ರಿಡ್ಜ್ ಸೇರಿದರು. ಅಲ್ಲಿ ಅವರ ಮನಸ್ಸನ್ನು ಗೆದ್ದವರಲ್ಲಿ ಪ್ರಮುಖರು ವಿಲಿಯಂ ಪೇಲಿ ಎಂಬ ಧರ್ಮಶಾಸ್ತ್ರಜ್ಞರು. ದಾರಿಯಲ್ಲಿ ಗಡಿಯಾರವೊಂದು ಸಿಕ್ಕಿದರೆ ಅದನ್ನು ಮಾಡಿದವನೊಬ್ಬ ಇರಲೇಬೇಕು; ಹಾಗೆಯೇ ಕಣ್ಣು, ರೆಕ್ಕೆಗಳಂಥ ರಚನೆಗಳಿಗೂ ಒಬ್ಬ ರಚನಕಾರ ಇರಬೇಕು ಎಂಬುದು 1802ರಲ್ಲಿ ಪ್ರಕಟವಾದ ಪೇಲಿಯವರ ಗ್ರಂಥದ ಸಾರ. ಯುವಕ ಡಾರ್ವಿನ್ ಈ ವಾದವನ್ನು ಮನಸಾರೆ ಒಪ್ಪಿದ್ದರು. ಮುಂದೆ ತಾವೇ ಉತ್ತರಿಸಬೇಕಾದ ವಾದವನ್ನು ಅವರು ಮೊದಲು ಶ್ರದ್ಧೆಯಿಂದ ಕಲಿತಿದ್ದರೆಂಬುದು ನೆನಪಿಡತಕ್ಕ ಸಂಗತಿ.

1831ರ ಡಿಸೆಂಬರ್ 27ರಂದು ಬೀಗಲ್ ಹಡಗನ್ನೇರಿ ಹೊರಟವರು ಮರಳಿದ್ದು 1836ರ ಅಕ್ಟೋಬರಿನಲ್ಲಿ. ದಕ್ಷಿಣ ಅಮೆರಿಕದಲ್ಲಿ ಅಳಿದುಹೋದ ಪ್ರಾಣಿಗಳ ಪಳೆಯುಳಿಕೆಗಳನ್ನು ಅಗೆದರು. ಗಾಲಾಪಗೋಸ್ ದ್ವೀಪಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ತುಸು ಬೇರೆಯಾದ ಪಕ್ಷಿಗಳನ್ನು ಕಂಡರು. 1838ರಲ್ಲಿ ಮಾಲ್ಥಸರ ಜನಸಂಖ್ಯಾ ಪ್ರಬಂಧವನ್ನು ಓದಿದಾಗ ವಿಚಾರಕ್ಕೆ ಒಂದು ಆಕಾರ ಬಂತು. ಹುಟ್ಟುವ ಜೀವಿಗಳಲ್ಲಿ ಎಲ್ಲವೂ ಬದುಕುಳಿಯುವುದಿಲ್ಲ. ಪರಿಸರಕ್ಕೆ ಅನುಕೂಲವಾದ ಸಣ್ಣ ವ್ಯತ್ಯಾಸವುಳ್ಳವು ಹೆಚ್ಚಾಗಿ ಉಳಿದು ಸಂತಾನವನ್ನು ಬೆಳೆಸುತ್ತವೆ. ತಲೆಮಾರುಗಳು ಕಳೆದಂತೆ ಆ ವ್ಯತ್ಯಾಸಗಳು ಕೂಡುತ್ತ ಹೋಗುತ್ತವೆ. ಇದನ್ನೇ ಅವರು ನಿಸರ್ಗದ ಆಯ್ಕೆ ಎಂದು ಕರೆದರು.

ಈ ಆಯ್ಕೆಯನ್ನು ಅರಿಯಲು ನಮ್ಮ ಮಕ್ಕಳು ದೂರ ಹೋಗಬೇಕಾಗಿಲ್ಲ. ಕೆಂಗಂದು ಮೈ, ಕಪ್ಪು ಮೂತಿಯ ಕೊಂಬೈ ನಾಯಿಯನ್ನು ಹಿಂದಿನವರು ಬೇಟೆಗೂ ಕಾವಲಿಗೂ ತಕ್ಕಂತೆ ಆಯ್ದು ಆಯ್ದು ಬೆಳೆಸಿದರು. ಬೆಟ್ಟದ ಮೇವಿಗೆ ಒಗ್ಗಿದ ಮಲೆಮಾಡುಗಳ ತಳಿಯೂ ಹಾಗೆಯೇ ಉಳಿದು ಬಂದಿದೆ. ಡಾರ್ವಿನ್ನರೂ ತಮ್ಮ ಗ್ರಂಥವನ್ನು ಸಾಕುಪ್ರಾಣಿಗಳಿಂದಲೇ ಆರಂಭಿಸಿದರು. ಅದಕ್ಕಾಗಿ ಮನೆಯಲ್ಲಿ ಪಾರಿವಾಳಗಳನ್ನು ಸಾಕಿದರು. ದೇಶದೇಶಗಳಿಂದ ಮಾದರಿಗಳನ್ನು ತರಿಸಿದರು. ಭಾರತದಿಂದ ಕಳುಹಿಸಿದವರು ಮದರಾಸಿನ ಅಧಿಕಾರಿ ವಾಲ್ಟರ್ ಎಲಿಯಟ್. ಧಾರವಾಡ ಸೀಮೆಯಲ್ಲಿದ್ದಾಗ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ವಿದ್ವಾಂಸರೂ ಇವರೇ. ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಡಾರ್ವಿನ್ನರು ಎಲಿಯಟರನ್ನು ಹೆಸರಿಸಿದ್ದಾರೆ.

ವಿಚಾರ ಹೊಳೆದ ಮೇಲೂ ಅವರು ಇಪ್ಪತ್ತು ವರ್ಷ ಕಾದರು. ಮಡದಿ ಎಮ್ಮಾ ದೈವಭಕ್ತೆ. ತಮ್ಮ ವಿಚಾರ ಆಕೆಯ ಮನಸ್ಸನ್ನು ನೋಯಿಸುವುದೆಂದು ಅವರು ಬಲ್ಲರು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಆ ದುಃಖ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಎಂಟು ವರ್ಷ ಸಮುದ್ರದ ಬಾರ್ನಕಲ್ ಜೀವಿಗಳನ್ನೇ ಅಧ್ಯಯನ ಮಾಡಿದರು. 1858ರಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸರು ಅದೇ ವಿಚಾರವನ್ನು ಬರೆದು ಕಳುಹಿಸಿದಾಗ ಇಬ್ಬರ ಬರಹಗಳನ್ನೂ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. 1859ರ ನವೆಂಬರ್ 24ರಂದು ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥ ಹೊರಬಂತು.

ಆಕ್ಷೇಪಗಳು ಮಳೆಗರೆದವು. 1860ರಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸರು ಗ್ರಂಥವನ್ನು ಖಂಡಿಸಿದರು. ಅನಾರೋಗ್ಯದಿಂದ ಡಾರ್ವಿನ್ನರು ಅಲ್ಲಿರಲಿಲ್ಲ. ಹಕ್ಸ್‌ಲಿ ಮತ್ತು ಹೂಕರ್ ಉತ್ತರಿಸಿದರು. ಆದರೆ ಬಿಷಪ್ಪರು ಬರೆದ ವಿಮರ್ಶೆಯನ್ನು ಓದಿದ ಡಾರ್ವಿನ್ನರು, ಅದು ತಮ್ಮ ವಾದದ ದುರ್ಬಲ ಸ್ಥಳಗಳನ್ನು ಜಾಣತನದಿಂದ ಹುಡುಕಿದೆಯೆಂದು ಒಪ್ಪಿಕೊಂಡರು. ಅರ್ಧ ರೆಕ್ಕೆಯಿಂದ ಏನು ಪ್ರಯೋಜನ ಎಂಬಂಥ ಪ್ರಶ್ನೆಗಳನ್ನು ಸೇಂಟ್ ಜಾರ್ಜ್ ಮೈವರ್ಟರು 1871ರಲ್ಲಿ ಮುಂದಿಟ್ಟಾಗ, ಮರುವರ್ಷದ ಆರನೆಯ ಆವೃತ್ತಿಯಲ್ಲಿ ಅವುಗಳ ಉತ್ತರಕ್ಕೆಂದೇ ಹೊಸ ಅಧ್ಯಾಯವನ್ನು ಸೇರಿಸಿದರು. ಬರಿಯ ತೇಲಾಟವೂ ಬದುಕಿಗೆ ನೆರವಾಗುತ್ತದೆ ಎಂಬುದಕ್ಕೆ ಹಾರುವ ಅಳಿಲಿನ ಉದಾಹರಣೆ ಗ್ರಂಥದಲ್ಲಿ ಮೊದಲೇ ಇತ್ತು. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅಂಥ ಅಳಿಲು ಮರದಿಂದ ಮರಕ್ಕೆ ತೇಲುತ್ತದೆ. ಕಣ್ಣಿನ ಪ್ರಶ್ನೆಗೂ ಇದೇ ಬಗೆಯ ಉತ್ತರ: ಬೆಳಕನ್ನಷ್ಟೇ ಗುರುತಿಸುವ ಸರಳ ಅಂಗದಿಂದ ಪೂರ್ಣ ಕಣ್ಣಿನವರೆಗೆ ಹಲವು ಮೆಟ್ಟಿಲುಗಳು ಇಂದಿಗೂ ಜೀವಲೋಕದಲ್ಲಿ ಕಾಣಸಿಗುತ್ತವೆ, ಪ್ರತಿ ಮೆಟ್ಟಿಲೂ ಅದರ ಒಡೆಯನಿಗೆ ಉಪಯುಕ್ತ.

ಎಲ್ಲ ಆಕ್ಷೇಪಗಳಿಗೂ ಅವರಲ್ಲಿ ಉತ್ತರವಿರಲಿಲ್ಲ. ಭೂಮಿಗೆ ಅಷ್ಟು ವಯಸ್ಸಾಗಿಲ್ಲವೆಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ವಾದಿಸಿದರು. ಒಳ್ಳೆಯ ಗುಣವೊಂದು ಸಂತಾನದಲ್ಲಿ ಬೆರೆತು ಕರಗಿಹೋಗುವುದಲ್ಲವೇ ಎಂದು ಫ್ಲೀಮಿಂಗ್ ಜೆಂಕಿನ್ 1867ರಲ್ಲಿ ಕೇಳಿದರು. ಇವು ಡಾರ್ವಿನ್ನರನ್ನು ಕಾಡಿದವು. ಅನುವಂಶೀಯತೆಯ ಬಗೆಗೆ ಅವರು ಕೊಟ್ಟ ವಿವರಣೆ ತಪ್ಪಾಗಿತ್ತು. ಗುಣಗಳು ಕರಗುವುದಿಲ್ಲವೆಂದು ತೋರಿದ ಮೆಂಡೆಲರ ಬಟಾಣಿ ಪ್ರಯೋಗ 1866ರಲ್ಲಿಯೇ ಅಚ್ಚಾಗಿದ್ದರೂ ಜಗತ್ತಿನ ಗಮನಕ್ಕೆ ಬಂದದ್ದು 1900ರಲ್ಲಿ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ವಿಕಿರಣ ವಿಜ್ಞಾನ ತಿಳಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಉತ್ತರಗಳು ಬರುವ ಮುನ್ನ, 1882ರ ಏಪ್ರಿಲ್ 19ರಂದು, ಡಾರ್ವಿನ್ನರು ಕಣ್ಮುಚ್ಚಿದರು. ದೇವರ ವಿಷಯದಲ್ಲಿ ತಾವು ಅಜ್ಞೇಯವಾದಿ ಎಂದುಕೊಂಡಿದ್ದ ಅವರಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ದೊರೆಯಿತು. ತಮ್ಮ ಊರಿನ ಪಾದ್ರಿ ಇನ್ಸ್ ಅವರೊಡನೆ ಡಾರ್ವಿನ್ನರ ಸ್ನೇಹ, ಅಭಿಪ್ರಾಯಭೇದಗಳ ನಡುವೆಯೂ, ಬಹುಕಾಲ ಬಾಳಿತ್ತು.

ಪೇಲಿಯವರ ಗಡಿಯಾರ ಇಂದಿಗೂ ನಿಂತಿಲ್ಲ. ಬುದ್ಧಿಪೂರ್ವಕ ರಚನೆ ಎಂಬ ಹೊಸ ಹೆಸರಿನಲ್ಲಿ ಅದು ಅಮೆರಿಕದ ಶಾಲೆಗಳ ಬಾಗಿಲು ತಟ್ಟಿತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣದಲ್ಲಿ ನ್ಯಾಯಾಲಯವು ಅದು ವಿಜ್ಞಾನವಲ್ಲವೆಂದು ತೀರ್ಪಿತ್ತಿತು. ನಮ್ಮ ದೇಶದಲ್ಲಿಯೂ ಪಠ್ಯದ ಹೊರೆ ಇಳಿಸುವ ಕಾರಣದಿಂದ ಕೇಂದ್ರದ 10ನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿದ್ದ ವಿಕಾಸದ ಭಾಗವನ್ನು ಕೈಬಿಡಲಾಯಿತು. 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಅದನ್ನು ಮರಳಿ ಸೇರಿಸಬೇಕೆಂದು ಸಹಿ ಹಾಕಿದರು. ಹತ್ತನೆಯ ತರಗತಿಯ ಬಳಿಕ ಹೆಚ್ಚಿನ ಮಕ್ಕಳು ಜೀವಶಾಸ್ತ್ರವನ್ನು ಓದುವುದಿಲ್ಲ. ಅಲ್ಲಿ ತಪ್ಪಿದ ಪಾಠ ಅವರ ಪಾಲಿಗೆ ಜೀವನವಿಡೀ ತಪ್ಪಿದಂತೆಯೇ.

ಮನೆಯಲ್ಲಿ ಅಜ್ಜಿ ಹೇಳುವ ಸೃಷ್ಟಿಯ ಕಥೆಯನ್ನು ಮಗು ಪ್ರೀತಿಯಿಂದ ಕೇಳಲಿ. ಅದನ್ನು ಅಲ್ಲಗಳೆಯುವುದು ಶಾಲೆಯ ಕೆಲಸವಲ್ಲ. ಆದರೆ ವಿಜ್ಞಾನದ ತರಗತಿಯಲ್ಲಿ ಯಾವ ಮಾತೂ ಪುರಾವೆಯ ಮುಂದೆ ನಿಲ್ಲಬೇಕು, ಡಾರ್ವಿನ್ನರ ಮಾತೂ ಸೇರಿದಂತೆ. ಎದುರಾಳಿಯ ಪ್ರಶ್ನೆಗೆ ತಮ್ಮ ಪುಸ್ತಕದಲ್ಲಿಯೇ ಜಾಗ ಕೊಟ್ಟ ಆ ಹಿರಿಯರಿಂದ ನಮ್ಮ ಶಾಲೆ ಕಲಿಯಬೇಕಾದದ್ದು ಇಷ್ಟೆ: ಎದ್ದು ನಿಂತ ಮಗುವನ್ನು ಕುಳ್ಳಿರಿಸಬಾರದು, ಪಾಠದ ಪುಟವನ್ನೂ ಮುಚ್ಚಬಾರದು.